ಪಿ.ಸಿ.ಓ.ಎಸ್. : ಸೋದರಿಯರು ಅರಿಯಬೇಕಾದ ವ್ಯಾಧಿ

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಎರಡನೆಯ ಬಿ.ಎ. ತರಗತಿಯಲ್ಲಿದ್ದಾಗ ನಾಲ್ಕು ತಿಂಗಳು ನನಗೆ ಮುಟ್ಟಾಗಲಿಲ್ಲ. ಗಲ್ಲದ ಮೇಲೆ ಒರಟು ಕೂದಲು ಮೂಡತೊಡಗಿತು. ಯಾರೊಡನೆಯೂ ಹೇಳಿಕೊಳ್ಳಲಾಗದ ನಾಚಿಕೆ. ಕಡೆಗೆ ಅವ್ವನಿಗೆ ತಿಳಿಸಿದೆ. “ಮದ್ವೆ ಆದ್ರೆ ಎಲ್ಲಾ ಸರಿಹೋಯ್ತದೆ, ಸುಮ್ಕಿರು ಮಗ” ಎಂದಳು. ಅವಳು ತಿಳಿದದ್ದನ್ನು ಹೇಳಿದಳು. ಅದರಲ್ಲಿ ಅವಳ ತಪ್ಪಿಲ್ಲ. ಆದರೆ ಆ ಮಾತು ನಿಜವಲ್ಲವೆಂಬುದು ಆಸ್ಪತ್ರೆಯ ವೈದ್ಯೆಯೊಬ್ಬರು ಪರೀಕ್ಷಿಸಿ, ಇದು ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್, ಅಂದರೆ ಪಿ.ಸಿ.ಓ.ಎಸ್. ಎಂದು ವಿವರಿಸಿದಾಗ ತಿಳಿಯಿತು. ಅಂದು ಅರಿತುದನ್ನು ಸೋದರಿಯರ ಮುಂದಿಡುವುದೇ ಈ ಲೇಖನದ ಉದ್ದೇಶ.

1935ರಲ್ಲಿ ಷಿಕಾಗೋ ನಗರದ ವೈದ್ಯರಾದ ಸ್ಟೈನ್ ಮತ್ತು ಲೆವೆಂತಾಲ್ ಎಂಬವರು ಏಳು ಮಂದಿ ಸ್ತ್ರೀಯರಲ್ಲಿ ಈ ವ್ಯಾಧಿಯನ್ನು ಗುರುತಿಸಿ ಪ್ರಕಟಿಸಿದರು. ಅಂಡಾಶಯದಲ್ಲಿ ಗುಳ್ಳೆಗಳಂತೆ ಕಾಣುವುವು ನಿಜಕ್ಕೂ ಗುಳ್ಳೆಗಳಲ್ಲ. ಪೂರ್ತಿ ಬಲಿಯದೆ ನಿಂತ ಅಂಡಗಳ ಪುಟ್ಟ ಚೀಲಗಳು. ಅನೇಕರಲ್ಲಿ ದೇಹವು ಇನ್ಸುಲಿನ್ನಿಗೆ ಸರಿಯಾಗಿ ಓಗೊಡುವುದಿಲ್ಲ. ಆಗ ಇನ್ಸುಲಿನ್ ಮಿತಿಮೀರಿ ಸ್ರವಿಸಿ, ಸ್ತ್ರೀಯರಲ್ಲಿ ಅಲ್ಪವಾಗಿರಬೇಕಾದ ಆಂಡ್ರೋಜನ್ ಎಂಬ ಹಾರ್ಮೋನನ್ನು ಹೆಚ್ಚಿಸುತ್ತದೆ. ಮುಟ್ಟು ತಪ್ಪುವುದು, ಮೊಡವೆ, ಮುಖದ ಮೇಲಿನ ಕೂದಲು ಇವೆಲ್ಲ ಇದರ ಫಲ. ದಪ್ಪಗಿರುವವರಿಗೆ ಮಾತ್ರವಲ್ಲ, ತೆಳ್ಳಗಿರುವವರಿಗೂ ಇದು ಬರಬಹುದು.

ಇದನ್ನು ಕೇವಲ ರೂಪದ ಅಥವಾ ಸಂತಾನದ ಪ್ರಶ್ನೆಯೆಂದು ಎಣಿಸುವುದೇ ದೊಡ್ಡ ತಪ್ಪು. ಇದರಿಂದ ಮಧುಮೇಹ, ರಕ್ತದೊತ್ತಡಗಳ ಸಂಭವ ಹೆಚ್ಚುತ್ತದೆ. ಬಹುಕಾಲ ಮುಟ್ಟಾಗದಿದ್ದರೆ ಗರ್ಭಕೋಶದ ಒಳಪೊರೆ ದಪ್ಪವಾಗಿ ಮುಂದೆ ಕ್ಯಾನ್ಸರಿಗೆ ಎಡೆಯಾಗಬಹುದು. ಮನಸ್ಸೂ ಕುಗ್ಗುತ್ತದೆ. ಮಕ್ಕಳಾಗುವ ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು 10ರಿಂದ 13 ಮಂದಿಗೆ ಈ ವ್ಯಾಧಿಯಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅವರಲ್ಲಿ ಬಹುಪಾಲು ಮಂದಿಗೆ ತಮಗಿರುವುದೇನೆಂದು ತಿಳಿದಿಲ್ಲ.

ಮೈನೆರೆದು ಮೂರು ವರ್ಷಗಳಾದ ಮೇಲೆಯೂ 21 ದಿನಕ್ಕೆ ಮೊದಲೇ ಅಥವಾ 35 ದಿನ ಮೀರಿ ಮುಟ್ಟಾಗುತ್ತಿದ್ದರೆ ವೈದ್ಯರನ್ನು ಕಾಣಬೇಕು. ಇದನ್ನು ಬೇರುಸಹಿತ ಕೀಳುವ ಔಷಧಿ ಇಲ್ಲವಾದರೂ ನಿತ್ಯ ನಡಿಗೆ, ಹಿತಮಿತವಾದ ಆಹಾರ, ವೈದ್ಯರು ಕೊಡುವ ಮಾತ್ರೆ ಇವುಗಳಿಂದ ಹತೋಟಿಯಲ್ಲಿಡಬಹುದು. ಚಿಕಿತ್ಸೆ ಪಡೆದು ತಾಯಂದಿರಾದವರು ಎಷ್ಟೋ ಮಂದಿ.

ಈಗ ನಮ್ಮ ಮನೆಯ ಕ್ಯಾಲೆಂಡರಿನಲ್ಲಿ ನನ್ನ ದಿನಗಳಿಗೆ ಗುರುತು ಬೀಳುತ್ತದೆ. ಓದು ಬಾರದ ಅವ್ವನೇ ಅದನ್ನು ನೆನಪಿಸುತ್ತಾಳೆ. ಸೋದರಿಯರೇ, ಮದುವೆ ಔಷಧವಲ್ಲ, ನಾಚಿಕೆ ಪಥ್ಯವಲ್ಲ. ತಾಯಿಯೊಡನೆ ಮಾತನಾಡಿ, ತಡಮಾಡದೆ ವೈದ್ಯರಲ್ಲಿಗೆ ಹೋಗಿ.