ಉಳಿಸಿಕೊಂಡ ಕುರಿಗಳು



ದೇವರು ಹೇಳಿದ್ದನ್ನೆಲ್ಲ ಮಾಡಿದ್ದೇನೆ ಎಂದು ನಾವು ಧೈರ್ಯವಾಗಿ ಹೇಳಬಲ್ಲೆವೇ? ಅರಸ ಸೌಲನು ಹಾಗೆ ಹೇಳಿದ. ಸಮುವೇಲನ ಮೊದಲನೆಯ ಗ್ರಂಥದ 15ನೆಯ ಅಧ್ಯಾಯವನ್ನು ತೆರೆದು ನೋಡಿ.

ಅಮಾಲೇಕ್ಯರನ್ನೂ ಅವರ ಸೊತ್ತನ್ನೂ ನಾಶಮಾಡಬೇಕು, ಏನನ್ನೂ ಉಳಿಸಿಕೊಳ್ಳಬಾರದು ಎಂಬುದು ಅವನಿಗಿದ್ದ ಆಜ್ಞೆ. ಆ ಕಾಲದ ಈ ಆಜ್ಞೆ ಇಂದು ನಮ್ಮ ಕಿವಿಗೆ ಕಠೋರವಾಗಿ ಕೇಳಿಸುತ್ತದೆ. ಆದರೆ ನಮಗೆ ಪಾಠವಿರುವುದು ಸೌಲನ ನಡತೆಯಲ್ಲಿ. ಕೆಲಸಕ್ಕೆ ಬಾರದ್ದನ್ನು ಅವನು ನಾಶಮಾಡಿದ. ಕೊಬ್ಬಿದ ಕುರಿದನಗಳನ್ನೂ ಅರಸ ಅಗಾಗನನ್ನೂ ಉಳಿಸಿಕೊಂಡ. ಕರ್ಮೆಲಿನಲ್ಲಿ ತನಗಾಗಿ ಒಂದು ಸ್ಮಾರಕವನ್ನೂ ನಿಲ್ಲಿಸಿದ. ಬಳಿಕ ಪ್ರವಾದಿ ಸಮುವೇಲನ ಎದುರು, ಸರ್ವೇಶ್ವರನ ಆಜ್ಞೆಯನ್ನು ನೆರವೇರಿಸಿದ್ದೇನೆ ಎಂದ. ಆದರೆ ಪ್ರವಾದಿಯ ಕಿವಿಗೆ ಕುರಿಗಳ ಕೂಗು ಬೀಳುತ್ತಿತ್ತು!

ಸೌಲನ ಬಳಿ ಉತ್ತರ ಸಿದ್ಧವಿತ್ತು: ಉಳಿಸಿದವರು ಜನರು, ಅದೂ ದೇವರಿಗೆ ಬಲಿ ಅರ್ಪಿಸಲೆಂದು. ಅರ್ಧ ವಿಧೇಯತೆಯ ಅಪಾಯ ಇಲ್ಲಿಯೇ ಇದೆ. ಪೂರ್ತಿ ಅವಿಧೇಯನಾದವನಿಗೆ ತಾನು ತಪ್ಪಿದ್ದೇನೆಂದು ಗೊತ್ತಿರುತ್ತದೆ. ಎಂದಾದರೊಂದು ದಿನ ಮರಳಿ ಬಂದಾನು. ಅರ್ಧ ವಿಧೇಯನು ತನ್ನ ತಪ್ಪಿಗೆ ಭಕ್ತಿಯ ಬಟ್ಟೆ ತೊಡಿಸುತ್ತಾನೆ. ಅವನಿಗೆ ಪಶ್ಚಾತ್ತಾಪದ ಅಗತ್ಯವೇ ಕಾಣುವುದಿಲ್ಲ. ಸಮುವೇಲನು ಗದರಿಸಿದ ಮೇಲೆ, ಜನರಿಗೆ ಹೆದರಿದೆನೆಂದು ಸೌಲ ಒಪ್ಪಿಕೊಂಡ. ಆಗಲೂ ಅವನು ಬೇಡಿದ್ದು ಹಿರಿಯರ ಮುಂದೆ ತನ್ನ ಮಾನ ಉಳಿಸಬೇಕೆಂದು.

ಇದಕ್ಕೆ ತದ್ವಿರುದ್ಧವಾದ ಚಿತ್ರ ಮಕ್ಕಬಿಯರ ಎರಡನೆಯ ಗ್ರಂಥದ 6ನೆಯ ಅಧ್ಯಾಯದಲ್ಲಿದೆ. ಕ್ರಿ.ಪೂ. 167ರ ಸುಮಾರಿಗೆ ಅರಸ ಅಂತಿಯೋಕನು ಯೆಹೂದ್ಯರ ಧರ್ಮಾಚರಣೆಯನ್ನು ನಿಷೇಧಿಸಿದ. 90 ವರ್ಷದ ಧರ್ಮಶಾಸ್ತ್ರಿ ಎಲಿಯಾಜರನ ಬಾಯಿ ತೆರೆಸಿ ಹಂದಿಮಾಂಸ ತಿನ್ನಿಸಲು ಯತ್ನಿಸಿದರು. ಅವನು ಉಗುಳಿದ. ಹಳೆಯ ಪರಿಚಯದ ಅಧಿಕಾರಿಗಳು ಕನಿಕರದಿಂದ ಅವನನ್ನು ಪಕ್ಕಕ್ಕೆ ಕರೆದು, ಧರ್ಮಕ್ಕೆ ಸಲ್ಲುವ ಮಾಂಸವನ್ನೇ ತಂದು, ಹಂದಿಮಾಂಸ ತಿಂದಂತೆ ನಟಿಸೆಂದು ಬೇಡಿಕೊಂಡರು. ಊಟದ ನಿಯಮವೂ ಮುರಿಯದು, ಜೀವವೂ ಉಳಿದೀತು! ಎಲಿಯಾಜರನು ಒಪ್ಪಲಿಲ್ಲ. ಈ ವಯಸ್ಸಿನಲ್ಲಿ ತಾನು ನಟಿಸಿದರೆ ಯುವಜನರು ದಾರಿ ತಪ್ಪುವರೆಂದು ಹೇಳಿ ಸಾವನ್ನೇ ಆರಿಸಿಕೊಂಡ.

ಜನರ ಕಣ್ಣು ತಮ್ಮ ಮೇಲಿದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಜನ ತನ್ನನ್ನು ಏನೆಂದಾರು ಎಂದು ಸೌಲ ಚಿಂತಿಸಿದ. ತನ್ನನ್ನು ನೋಡಿ ಜನ ಏನಾದಾರು ಎಂದು ಎಲಿಯಾಜರ ಚಿಂತಿಸಿದ.

ಈಗ ನಮ್ಮ ಮನೆಗೆ ಬರೋಣ. ಭಾನುವಾರದ ಬಲಿಪೂಜೆಯನ್ನು ತಪ್ಪಿಸುವುದಿಲ್ಲ, ರಾತ್ರಿಯ ಜಪಸರವನ್ನು ಬಿಡುವುದಿಲ್ಲ. ಆದರೆ ತಂಗಿಗೆ ಸಲ್ಲಬೇಕಾದ ಆಸ್ತಿಯ ಪಾಲು ಇನ್ನೂ ನಮ್ಮ ಕೈಯಲ್ಲೇ ಇದೆ. ಅದರ ಆದಾಯದಿಂದಲೇ ಚರ್ಚಿನ ಹಬ್ಬಕ್ಕೆ ದೊಡ್ಡ ಕಾಣಿಕೆ ಕೊಡುತ್ತೇವೆ. ಇವು ಸೌಲನ ಕುರಿಗಳಲ್ಲವೇ? ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಮೊದಲು ಸಮಾಧಾನ ಮಾಡಿಕೊಂಡು ಬರಬೇಕೆಂದು ಯೇಸುಸ್ವಾಮಿ ಕಲಿಸಿದ್ದಾರೆ (ಮತ್ತಾಯ 5:23-24). ಮಕ್ಕಳು ನಮ್ಮ ಜಪಸರವನ್ನು ನೋಡುತ್ತಾರೆ. ಅತ್ತೆ ಮನೆಗೆ ಬರುವುದನ್ನು ಏಕೆ ನಿಲ್ಲಿಸಿದರೆಂಬುದನ್ನೂ ಬಲ್ಲರು.

ಮುಂದಿನ ಪಾಪನಿವೇದನೆಗೆ ಹೋಗುವ ಮುನ್ನ ಸ್ವಲ್ಪ ಹೊತ್ತು ಮೌನವಾಗಿ ಕುಳಿತುಕೊಳ್ಳಿ. ಏನೇನು ಕೊಟ್ಟಿದ್ದೇನೆ ಎಂದು ಎಣಿಸಬೇಡಿ. ಯಾವುದನ್ನು ಉಳಿಸಿಕೊಂಡಿದ್ದೇನೆ ಎಂದು ಕೇಳಿಕೊಳ್ಳಿ. ಅದನ್ನು ಮರೆಮಾಚದೆ ನಿವೇದಿಸಿ, ಹಿಂದಿರುಗಿಸಬೇಕಾದದ್ದನ್ನು ಹಿಂದಿರುಗಿಸಿ.

ಸರ್ವೇಶ್ವರಾ, ನಾವು ಬಚ್ಚಿಟ್ಟದ್ದರ ಕೂಗು ನಮಗೂ ಕೇಳಿಸುವಂತೆ ಮಾಡು. ಆಮೆನ್.