ಆಟವೂ ಪಾಠವೇ: ಚಳಿಗಾಲದ ಸಂಜೆ ಮಕ್ಕಳೊಡನೆ ಅರ್ಧ ಗಂಟೆ



ಎರಡು ವರ್ಷಗಳ ಹಿಂದಿನ ಮಾತು. ಕ್ರಿಸ್ತಜಯಂತಿಯ ಮರುದಿನ ಬೆಳಗಿನ ಪೂಜೆ ಮುಗಿಸಿ ದೇವಾಲಯದ ಗೋದಲಿಯ ಬಳಿಗೆ ಬಂದೆ. ನಮ್ಮ ಯುವಕರು ವಾರವಿಡೀ ನಿದ್ದೆಗೆಟ್ಟು ಕಟ್ಟಿದ್ದ ಗೋದಲಿ ಅದು. ನೋಡುತ್ತೇನೆ, ಬಾಲಯೇಸುವಿನ ಪಕ್ಕದಲ್ಲೇ ಒಂದು ಪ್ಲಾಸ್ಟಿಕ್ ಆಟೋರಿಕ್ಷಾ! ಅದನ್ನಿಟ್ಟ ನಾಲ್ಕು ವರ್ಷದ ಹುಡುಗ ಅಲ್ಲೇ ನಿಂತಿದ್ದ. "ಇದೇನು ಆಟದ ಸಾಮಾನಿನ ಅಂಗಡಿಯೇ?" ಎಂದು ಗದರಿಸಿ ಆಟೋವನ್ನು ಅವನ ಕೈಗೆ ಕೊಟ್ಟೆ. ಮಗು ಅಳಲಿಲ್ಲ. ಅಜ್ಜಿಯ ಸೆರಗಿನ ಹಿಂದೆ ಸರಿದುಕೊಂಡಿತು.

ಮುಂದಿನ ಭಾನುವಾರ ಆ ಅಜ್ಜಿ ನನ್ನ ಬಳಿ ಬಂದರು. "ಸ್ವಾಮಿ, ತಪ್ಪು ತಿಳ್ಕೋಬೇಡಿ. ಹೆರೋದ ರಾಜ ಮಗೂನ ಕೊಲ್ಲೋಕೆ ಹುಡುಕ್ತಾನೆ, ಜೋಸೆಫರು ರಾತ್ರೋರಾತ್ರಿ ಈಜಿಪ್ಟಿಗೆ ಹೊರಟುಬಿಡ್ತಾರೆ ಅಂತ ನಾನೇ ಕಥೆ ಹೇಳಿದ್ದೆ. ಕತ್ತೆ ಮೇಲೆ ಹೋದ್ರೆ ನಿಧಾನ ಆಗುತ್ತೆ ಅಜ್ಜಿ, ಆಟೋ ಇರ್ಲಿ ಅಂತ ಇಟ್ಟಿದ್ದ" ಎಂದರು.

ನಾನು ತಲೆತಗ್ಗಿಸಿದೆ. ಸಂತ ಮತ್ತಾಯರ ಶುಭಸಂದೇಶದ ಎರಡನೆಯ ಅಧ್ಯಾಯವನ್ನು ಎಷ್ಟೋ ಬಾರಿ ಓದಿದ್ದೇನೆ, ಅದರ ಮೇಲೆ ಪ್ರಬೋಧನೆಯನ್ನೂ ಮಾಡಿದ್ದೇನೆ. ಆದರೆ ಆ ರಾತ್ರಿಯ ಭಯ ನನ್ನನ್ನು ತಟ್ಟಿರಲಿಲ್ಲ. ಆ ಮಗುವನ್ನು ತಟ್ಟಿತ್ತು. ತನ್ನಲ್ಲಿದ್ದ ಒಂದೇ ವಾಹನವನ್ನು ಅದು ಪವಿತ್ರ ಕುಟುಂಬಕ್ಕೆ ಕೊಟ್ಟುಬಿಟ್ಟಿತ್ತು. ನಾನು ಆಟ ಎಂದುಕೊಂಡದ್ದು ಅದರ ಪ್ರಾರ್ಥನೆಯಾಗಿತ್ತು.

ಈಗ ಆಗಮನ ಕಾಲ ಬಂದಿದೆ. ಬೇಗ ಕತ್ತಲಾಗುತ್ತದೆ. ಥಂಡಿಗೆ ಹೆದರಿ ಮಕ್ಕಳನ್ನು ಸಂಜೆಯಾಗುತ್ತಲೇ ಒಳಗೆ ಕರೆದುಕೊಳ್ಳುತ್ತೇವೆ. ಒಳಗೆ ಬಂದ ಮಗು ಏನು ಮಾಡಬೇಕು? ಅಡುಗೆಯಾಗುವ ತನಕ ಸುಮ್ಮನಿರಲಿ ಎಂದು ಕೈಗೆ ಮೊಬೈಲು ಕೊಡುವುದು ಅನೇಕ ಮನೆಗಳಲ್ಲಿ ರೂಢಿಯಾಗಿದೆ. ಈ ಸಂಜೆಗಳನ್ನು ಬೇರೆ ರೀತಿ ಕಳೆಯುವುದು ಹೇಗೆಂದು ಇಂದು ಯೋಚಿಸೋಣ.

ಆಟವೆಂದರೆ ಹೊತ್ತುಗಳೆಯುವುದಲ್ಲ

ಸಂತ ಥಾಮಸ್ ಅಕ್ವಿನಾಸರು ತಮ್ಮ ಮಹಾಗ್ರಂಥ 'ಸುಮ್ಮಾ ಥಿಯೊಲಾಜಿಯೆ'ಯಲ್ಲಿ ಆಟದ ವಿಷಯವನ್ನೂ ಎತ್ತಿಕೊಂಡಿದ್ದಾರೆ ಎಂದರೆ ಅನೇಕರಿಗೆ ಆಶ್ಚರ್ಯವಾದೀತು. ದಣಿದ ದೇಹಕ್ಕೆ ವಿಶ್ರಾಂತಿ ಬೇಕಾದಂತೆ ದಣಿದ ಮನಸ್ಸಿಗೆ ಆಟ ಬೇಕು, ಹದವರಿತ ಆಟ ಸದ್ಗುಣವೇ ಎಂಬುದು ಅವರ ವಿಚಾರ. ಮನುಷ್ಯನ ತಿಳಿವೆಲ್ಲ ಇಂದ್ರಿಯಗಳಿಂದಲೇ ಆರಂಭವಾಗುತ್ತದೆ ಎಂದೂ ಅವರು ಅರಿಸ್ಟಾಟಲನ ದಾರಿಯಲ್ಲಿ ನಡೆದು ಬೋಧಿಸಿದರು. ಮಗುವಿನ ವಿಷಯದಲ್ಲಿ ಇದು ಕಣ್ಣಿಗೆ ಕಾಣುವ ಸತ್ಯ. ಮುಟ್ಟದೆ, ಮೂಸದೆ, ಕೆಡವದೆ, ಮತ್ತೆ ಕಟ್ಟದೆ ಮಗು ಏನನ್ನೂ ಕಲಿಯುವುದಿಲ್ಲ.

ಪವಿತ್ರ ಗ್ರಂಥವೂ ಆಟವನ್ನು ಕೀಳಾಗಿ ಕಾಣುವುದಿಲ್ಲ. ದೇವರು ತಮ್ಮ ಜನರಿಗೆ ಮರಳಿ ಕೊಡುವ ನಗರ ಹೇಗಿರುತ್ತದೆ ಎಂದು ಹೇಳುವಾಗ, ಆಡುವ ಹುಡುಗ ಹುಡುಗಿಯರಿಂದ ಬೀದಿಗಳು ತುಂಬಿರುತ್ತವೆ ಎನ್ನುತ್ತಾರೆ ಪ್ರವಾದಿ ಜೆಕರ್ಯ (8:5).

ವೈದ್ಯೆಯೂ ಕಥೋಲಿಕ ಮಹಿಳೆಯೂ ಆಗಿದ್ದ ಮರಿಯ ಮಾಂಟೆಸ್ಸೊರಿಯವರು ತಮ್ಮ ಮೊದಲ 'ಮಕ್ಕಳ ಮನೆ'ಯನ್ನು ತೆರೆದದ್ದು 1907ರ ಜನವರಿ 6ರಂದು, ಮೂರು ರಾಜರ ಹಬ್ಬದ ದಿನ. ರೋಮಿನ ಸ್ಯಾನ್ ಲೊರೆಂಜೊ ಎಂಬ ಬಡವರ ಬಡಾವಣೆಯಲ್ಲಿ, ತಂದೆತಾಯಿ ಕೂಲಿಗೆ ಹೋದಾಗ ನೋಡಿಕೊಳ್ಳುವವರಿಲ್ಲದ ಮಕ್ಕಳಿಗಾಗಿ ಅದು ಆರಂಭವಾಯಿತು. ಬೆಲೆಬಾಳುವ ಆಟಿಕೆಗಳಿಗಿಂತ ಕೈಯಾರೆ ಮಾಡುವ ನಿಜವಾದ ಕೆಲಸವೇ ಮಕ್ಕಳಿಗೆ ಹೆಚ್ಚು ಇಷ್ಟ ಎಂಬುದನ್ನು ಅವರು ಅಲ್ಲಿ ಕಂಡುಕೊಂಡರು. 1939ರಲ್ಲಿ ಭಾರತಕ್ಕೆ ಬಂದ ಅವರು ಯುದ್ಧದ ವರ್ಷಗಳನ್ನು ಇಲ್ಲಿಯೇ ಕಳೆದರು. ಕೊಡೈಕನಾಲಿನಲ್ಲಿಯೂ ಇದ್ದು ಮಕ್ಕಳಿಗೂ ಶಿಕ್ಷಕರಿಗೂ ಕಲಿಸಿದರು.

ಮೊದಲು ಅರ್ಧ ಗಂಟೆ ಕೊಡಿ

"ಸ್ವಾಮಿ, ಬೆಳಿಗ್ಗೆ ಎಂಟಕ್ಕೆ ಕೆಲಸಕ್ಕೆ ಹೋದರೆ ಬರುವುದು ಸಂಜೆ ಏಳಕ್ಕೆ. ಎಲ್ಲಿದೆ ಸಮಯ?" ಎಂದು ನೀವು ಕೇಳುತ್ತೀರಿ. ನಿಮ್ಮ ದಣಿವು ನನಗೆ ಗೊತ್ತು. ಆದ್ದರಿಂದ ಎರಡು ಗಂಟೆ ಕೇಳುವುದಿಲ್ಲ. ಟಿ.ವಿ. ಆರಿಸಿ, ಮೊಬೈಲನ್ನು ಕಪಾಟಿನ ಮೇಲಿಟ್ಟು ಅರ್ಧ ಗಂಟೆ ಸಾಕು. ಅದೂ ಬಹುಪಾಲು ಅಡುಗೆಮನೆಯಲ್ಲೇ ಆಗುವ ಕೆಲಸ.

ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಕೊಟ್ಟ ಸಲಹೆಯಂತೆ ಎರಡು ವರ್ಷ ತುಂಬದ ಮಕ್ಕಳಿಗೆ ಟಿ.ವಿ., ಮೊಬೈಲು ಬೇಡವೇ ಬೇಡ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಬೇಡ, ಕಡಿಮೆಯಾದಷ್ಟೂ ಒಳ್ಳೆಯದು. ಮೊಬೈಲು ಕಿತ್ತುಕೊಂಡರೆ ಮಗು ಅಳುತ್ತದೆ, ನಿಜ. ಆದರೆ ಆ ಕೈಗೆ ಬೇರೊಂದು ಕೆಲಸ ಕೊಟ್ಟು ಜೊತೆಗೆ ನೀವೂ ಕುಳಿತರೆ ಅಳು ಬಹಳ ಹೊತ್ತು ಇರುವುದಿಲ್ಲ.

ಮನೆಯಲ್ಲೇ ಮಾಡಬಹುದಾದ ಐದು ಆಟಗಳು

1. ಗೋದಲಿಗೆ ಪೈರು. ಎರಡು ತೆಂಗಿನ ಚಿಪ್ಪುಗಳಿಗೆ ಮಣ್ಣು ತುಂಬಿ, ಮಗುವಿನ ಕೈಯಿಂದಲೇ ರಾಗಿ ಅಥವಾ ಗೋಧಿ ಚೆಲ್ಲಿಸಿ. ಡಿಸೆಂಬರ್ 13, ಸಂತ ಲೂಸಿಯಮ್ಮನವರ ಸ್ಮರಣೆಯ ದಿನ ಇದಕ್ಕೆ ಸರಿಯಾದ ಹೊತ್ತು. ಹಂಗೇರಿ, ಕ್ರೊಯೇಷಿಯಾ ದೇಶಗಳ ಕಥೋಲಿಕರು ಕ್ರಿಸ್ತಜಯಂತಿಗೆಂದು ಗೋಧಿ ಬಿತ್ತುವುದು ಅಂದೇ. ಒಂದು ಚಿಪ್ಪನ್ನು ಕಿಟಕಿಯ ಬಳಿ ಇಡಿ, ಇನ್ನೊಂದನ್ನು ರಟ್ಟಿನ ಡಬ್ಬಿಯಿಂದ ಮುಚ್ಚಿಡಿ. ಎರಡಕ್ಕೂ ದಿನಾಲೂ ನೀರು ಚಿಮುಕಿಸುವುದು ಮಗುವಿನ ಹೊಣೆ. ಕ್ರಿಸ್ತಜಯಂತಿಯ ಹಿಂದಿನ ದಿನ ಡಬ್ಬಿ ತೆಗೆಯಿರಿ. ಬೆಳಕು ಕಂಡ ಪೈರು ಹಸಿರಾಗಿರುತ್ತದೆ. ಕತ್ತಲಲ್ಲಿದ್ದದ್ದು ಬಿಳಿಚಿಕೊಂಡು, ಸಣಕಲಾಗಿ ಉದ್ದ ಬೆಳೆದಿರುತ್ತದೆ. "ಯಾಕೆ ಹೀಗಾಯಿತು?" ಎಂದು ಕೇಳಿ, ಉತ್ತರಕ್ಕೆ ಕಾಯಿರಿ. ಬಿಳಿಚಿದ ಪೈರನ್ನೂ ಬೆಳಕಿಗಿಟ್ಟರೆ ಒಂದೆರಡು ದಿನದಲ್ಲಿ ಹಸಿರು ಬರುವುದನ್ನು ತೋರಿಸಿ. ಪ್ರಭು ಯೇಸು ಲೋಕದ ಬೆಳಕು ಎಂಬ ಮಾತನ್ನು ಮಗುವಿಗೆ ಹೇಳಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಗದು.

2. ಅವರೆಕಾಯಿ ಸುಲಿಯುವುದು. ಇದು ಸೊಗಡಿನ ಅವರೆಯ ಕಾಲ. ಮಗುವಿನ ಮುಂದೆ ಹತ್ತು ಕಾಯಿ ಹಾಕಿ. ಯಾವುದರಲ್ಲಿ ಮೂರು ಕಾಳು, ಯಾವುದರಲ್ಲಿ ನಾಲ್ಕು? ದಪ್ಪ ಕಾಳು ಒಂದು ಬಟ್ಟಲಿಗೆ, ಸಣ್ಣದು ಇನ್ನೊಂದಕ್ಕೆ. ರಾತ್ರಿ ನೆನೆಹಾಕಿದ ಕಾಳನ್ನು ಮರುದಿನ ಹಿದುಕಲು ಕೊಡಿ. ಹೆಬ್ಬೆರಳು, ತೋರುಬೆರಳಿಗೆ ಬರುವ ಈ ಬಲವೇ ನಾಳೆ ಬಳಪ ಹಿಡಿಯಲು ನೆರವಾಗುತ್ತದೆ. ಹುಳು ಸಿಕ್ಕರೆ ಕಿರುಚಬೇಡಿ, ಮಗುವಿಗೆ ಅದೂ ಒಂದು ಪಾಠ. ಕೊನೆಯಲ್ಲಿ ಒಂದು ಬಟ್ಟಲು ಕಾಳನ್ನು ಪಕ್ಕದ ಮನೆಗೆ ಮಗುವಿನ ಕೈಯಲ್ಲೇ ಕೊಟ್ಟು ಕಳುಹಿಸಿ. ಆದರೆ ಎಚ್ಚರಿಕೆ: ಮೂರು ವರ್ಷ ತುಂಬದ ಮಕ್ಕಳು ಕಾಳನ್ನು ಬಾಯಿಗೋ ಮೂಗಿಗೋ ಹಾಕಿಕೊಳ್ಳುತ್ತಾರೆ. ಅವರ ಕೈಗೆ ಸಿಪ್ಪೆಯನ್ನು ಮಾತ್ರ ಕೊಡಿ, ಕಣ್ಣಳತೆಯಲ್ಲೇ ಇರಿಸಿಕೊಳ್ಳಿ.

3. ನೆರಳು ಮತ್ತು ನಕ್ಷತ್ರ. ಕ್ರಿಸ್ತಜಯಂತಿಯ ದಿನ ಮಧ್ಯಾಹ್ನ ಅಂಗಳದಲ್ಲಿ ಒಂದು ಕೋಲು ನೆಟ್ಟು ನೆರಳಿನ ತುದಿಗೆ ಕಲ್ಲಿಡಿ. ಜನವರಿ ಕೊನೆಗೆ ಅದೇ ಹೊತ್ತಿಗೆ ಮತ್ತೆ ನೋಡಿ. ಒಂದು ಮೀಟರ್ ಕೋಲಿನ ನೆರಳು ನಾಲ್ಕು ಬೆರಳಿಗಿಂತಲೂ ಹೆಚ್ಚು ಮೋಟಾಗಿರುತ್ತದೆ. ಡಿಸೆಂಬರ್ 21-22ರ ಸುಮಾರಿಗೆ ವರ್ಷದ ಅತಿ ಚಿಕ್ಕ ಹಗಲು. ಅಲ್ಲಿಂದ ಮುಂದೆ ಹಗಲು ಬೆಳೆಯುತ್ತ, ಮಧ್ಯಾಹ್ನದ ನೆರಳು ಕುಗ್ಗುತ್ತ ಬರುತ್ತದೆ. ರಾತ್ರಿ ಎಂಟರ ಹೊತ್ತಿಗೆ ಮಗುವಿಗೆ ಟೊಪ್ಪಿ ಹಾಕಿ ಐದು ನಿಮಿಷ ಹೊರಗೆ ಕರೆದುಕೊಂಡು ಬನ್ನಿ. ಪೂರ್ವದ ಆಕಾಶದಲ್ಲಿ ಒಂದೇ ಸಾಲಿನಲ್ಲಿ ಮೂರು ನಕ್ಷತ್ರಗಳು ಕಾಣುತ್ತವೆ. ಅವು ಮಹಾವ್ಯಾಧನ ನಡುಪಟ್ಟಿ. ಕೆಲವು ಕ್ರೈಸ್ತ ನಾಡುಗಳಲ್ಲಿ ಅವನ್ನು 'ಮೂವರು ರಾಜರು' ಎಂದು ಕರೆಯುವುದುಂಟು. ಜ್ಞಾನಿಗಳ ಕಥೆ ಹೇಳಲು ಬೇರೆ ಚಿತ್ರಪುಸ್ತಕ ಬೇಕೇ?

4. ಚೀಲದೊಳಗೆ ಏನು? ಬಟ್ಟೆಯ ಚೀಲದೊಳಗೆ ಬೀಗದ ಕೈ, ಹತ್ತಿ, ಚಮಚ, ಗೆಜ್ಜೆ, ಜಪಸರ ಹಾಕಿ. ಕಣ್ಣುಮುಚ್ಚಿ ಕೈಹಾಕಿ ಮಗು ಹೆಸರು ಹೇಳಲಿ. ಒರಟು, ನುಣುಪು, ತಣ್ಣಗೆ, ಮೆತ್ತಗೆ ಎಂಬ ಮಾತುಗಳು ತಾವಾಗಿಯೇ ನಾಲಿಗೆಗೆ ಬರುತ್ತವೆ. ಜಪಸರ ಸಿಕ್ಕಿದಾಗ ಹತ್ತು ಮಣಿ ಎಣಿಸಲಿ, ಒಂದು 'ನಮೋ ಮರಿಯ' ಹೇಳಲಿ. ಚಿಕ್ಕ ಮಗುವಿಗೆ ಅಷ್ಟು ಸಾಕು. ಐವತ್ತಮೂರು ಮಣಿಯ ಜಪಕ್ಕೆ ಹಿಡಿದು ಕೂರಿಸಿ ತೂಕಡಿಸಿದರೆ ಹೊಡೆಯಬೇಡಿ.

5. ಮನೆಯ ಗೋದಲಿ. ಸಂತ ಫ್ರಾನ್ಸಿಸ್ ಅಸ್ಸಿಸಿಯವರು 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಎತ್ತು, ಕತ್ತೆ, ಹುಲ್ಲನ್ನು ತಂದು ಬೆತ್ಲೆಹೇಮಿನ ಆ ರಾತ್ರಿಯನ್ನು ಜನರ ಕಣ್ಣಮುಂದೆ ನಿಲ್ಲಿಸಿದರು. ಕಣ್ಣಾರೆ ಕಾಣಬೇಕೆಂಬುದೇ ಅವರ ಹಂಬಲವಾಗಿತ್ತು. ಮಕ್ಕಳ ಹಂಬಲವೂ ಅದೇ. ಅಂಗಡಿಯಿಂದ ಸಿದ್ಧ ಗೋದಲಿ ತಂದು "ಮುಟ್ಟಬೇಡ" ಎನ್ನುವುದಕ್ಕಿಂತ, ಜೇಡಿಮಣ್ಣಿನಲ್ಲೋ ನಾದಿದ ಹಿಟ್ಟಿನಲ್ಲೋ ಕುರಿ, ಕುರುಬರನ್ನು ಮಗುವೇ ಮಾಡಲಿ. ಕುರಿ ನಾಯಿಯಂತೆ ಕಂಡರೂ ಅದು ಕುರಿಯೇ. ರಟ್ಟಿನ ಡಬ್ಬಿಯಲ್ಲಿ ಒಂದು ಮೇವಿನ ತೊಟ್ಟಿ ಮಾಡಿ ಖಾಲಿ ಇಡಿ. ತಮ್ಮನಿಗೆ ಆಟಿಕೆ ಕೊಟ್ಟಾಗ, ಅಜ್ಜನಿಗೆ ನೀರು ತಂದುಕೊಟ್ಟಾಗ ಒಂದೊಂದು ಎಳೆ ಹುಲ್ಲನ್ನು ಮಗು ಅದರಲ್ಲಿ ಹಾಕಲಿ. ಕ್ರಿಸ್ತಜಯಂತಿಯ ರಾತ್ರಿ ಬಾಲಯೇಸು ಆ ಹುಲ್ಲಿನ ಮೇಲೆ ಮಲಗಲಿ.

ಇಲ್ಲೊಂದು ಮಾತು. ಮಗು ತಪ್ಪು ಮಾಡಿತೆಂದು ಹಾಕಿದ ಹುಲ್ಲನ್ನು ಹೊರತೆಗೆಯಬೇಡಿ. "ತುಂಟತನ ಮಾಡಿದರೆ ಯೇಸು ನಿನ್ನ ಹತ್ತಿರ ಬರುವುದಿಲ್ಲ" ಎಂದು ಹೆದರಿಸಲೂ ಬೇಡಿ. ಅದು ನಮ್ಮ ವಿಶ್ವಾಸವಲ್ಲ. ನಾವು ಒಳ್ಳೆಯವರಾದ ಮೇಲೆ ಪ್ರಭು ಬರಲಿಲ್ಲ, ಪಾಪಿಗಳಾಗಿದ್ದಾಗಲೇ ಬಂದರು. ಮಗು ಹುಲ್ಲು ಹಾಕುವುದು ದೇವರನ್ನು ಕೊಂಡುಕೊಳ್ಳಲಿಕ್ಕಲ್ಲ, ಬರುವ ಅತಿಥಿಗೆ ಚಳಿಯಾಗದಿರಲೆಂದು.

ಅಪ್ಪಂದಿರಿಗೆ

ಇದೆಲ್ಲ ಹೆಂಗಸರ ಕೆಲಸ ಎಂದು ಪಕ್ಕಕ್ಕೆ ಸರಿಯಬೇಡಿ. ನಜರೇತಿನ ಬಡಗಿಯ ಮನೆಯಲ್ಲಿ ಬಾಲಯೇಸು ಮರ ಹಿಡಿಯುವುದನ್ನು ಕಲಿತದ್ದು ಯಾರನ್ನು ನೋಡಿ? ಬಿದಿರಿನ ಕಡ್ಡಿ ಸೀಳಿ ನಕ್ಷತ್ರ ಕಟ್ಟುವಾಗ ಮಗನೋ ಮಗಳೋ ಪಕ್ಕದಲ್ಲಿ ಕೂತಿರಲಿ. ಚಾಕು ನಿಮ್ಮ ಕೈಯಲ್ಲಿರಲಿ. ಮೈದಾ ಅಂಟು ಬಳಿಯುವುದು, ಬಣ್ಣದ ಕಾಗದ ಒತ್ತುವುದು ಮಗುವಿಗಿರಲಿ. ಸೊಟ್ಟಗಾದರೂ ಅದನ್ನೇ ಬಾಗಿಲಿಗೆ ತೂಗುಹಾಕಿ. ಒಳಗೆ ಮೇಣದ ಬತ್ತಿ ಮಾತ್ರ ಬೇಡ, ಸಣ್ಣ ಬಲ್ಬು ಸಾಕು.

ಎರಡನೆಯ ವ್ಯಾಟಿಕನ್ ಮಹಾಸಭೆಯು 1964ರಲ್ಲಿ ಕುಟುಂಬವನ್ನು ಗೃಹ ಧರ್ಮಸಭೆ ಎಂದು ಕರೆದು, ಮಕ್ಕಳಿಗೆ ವಿಶ್ವಾಸದ ಮೊದಲ ಬೋಧಕರು ತಂದೆತಾಯಂದಿರೇ ಎಂದು ಹೇಳಿತು. ಧರ್ಮೋಪದೇಶದ ತರಗತಿಗೆ ಮಗು ಬರುವ ಹೊತ್ತಿಗೆ ಮೊದಲ ಪಾಠ ಮುಗಿದಿರುತ್ತದೆ. ದೇವರು ಗದರಿಸುವವರೋ, ಹತ್ತಿರ ಕರೆದುಕೊಳ್ಳುವವರೋ ಎಂಬುದನ್ನು ಮಗು ಅಷ್ಟರಲ್ಲಿ ನಮ್ಮ ಮುಖ ನೋಡಿಯೇ ತೀರ್ಮಾನಿಸಿರುತ್ತದೆ.

ಆ ಹುಡುಗನ ವಿಷಯ ಹೇಳಿ ಮುಗಿಸುತ್ತೇನೆ. ಕಳೆದ ವರ್ಷ ನಮ್ಮ ಯುವಕರಿಗೆ ಹೇಳಿ ದೇವಾಲಯದ ಗೋದಲಿಯ ಮುಂದೆ, ಮಕ್ಕಳ ಕೈಗೆ ಎಟುಕುವಂತೆ ಒಂದಿಷ್ಟು ಜಾಗ ಬಿಡಿಸಿದೆ. ಮಕ್ಕಳು ಗೋಲಿ, ಗೊಂಬೆ, ಅರ್ಧ ತಿಂದ ಚಕ್ಕುಲಿ, ಏನೇನೋ ತಂದಿಟ್ಟರು. ಆ ಹುಡುಗನೂ ಅಜ್ಜಿಯ ಜೊತೆ ಬಂದ. ದೂರದಲ್ಲಿ ನಿಂತು ನೋಡಿದ. ಅವನ ಕೈಯಲ್ಲಿ ಏನೂ ಇರಲಿಲ್ಲ. ಕ್ಷಣಾರ್ಧದ ಗದರಿಕೆ ಎಷ್ಟು ದಿನ ಉಳಿಯುತ್ತದೆ ನೋಡಿ. ಈ ವರ್ಷವೂ ಆ ಜಾಗ ಬಿಡಿಸುತ್ತೇನೆ. ಅದಕ್ಕೆ ಮೊದಲು ಅವನ ಮನೆಗೆ ಹೋಗಿ, ಆಟೋ ಎಲ್ಲಿದೆ ಎಂದು ಕೇಳಬೇಕೆಂದಿದ್ದೇನೆ.

ಮನೆಯಲ್ಲಿ ಮಾತನಾಡಿಕೊಳ್ಳಲು

* ನಿನ್ನೆ ಸಂಜೆ ಆರರಿಂದ ಎಂಟರವರೆಗೆ ನಮ್ಮ ಮಗು ಏನು ಮಾಡುತ್ತಿತ್ತು? ನಾವು ಏನು ಮಾಡುತ್ತಿದ್ದೆವು?
* ಮಗುವಿನ ಆಟವನ್ನು ಅರ್ಥಮಾಡಿಕೊಳ್ಳದೆ ಗದರಿಸಿದ್ದುಂಟೇ? ಅದರ ಬಳಿ ಕ್ಷಮೆ ಕೇಳಿದ್ದೇವೆಯೇ?
* ಈ ಐದರಲ್ಲಿ ಯಾವುದನ್ನು ಈ ವಾರವೇ ಆರಂಭಿಸಬಹುದು?

ಪ್ರಾರ್ಥನೆ

ಪ್ರಭು ಯೇಸುವೇ, ನೀವೂ ಒಮ್ಮೆ ತಾಯಿ ಮರಿಯಳ ಮಡಿಲಲ್ಲಿ ಆಡಿದ ಮಗುವಾಗಿದ್ದಿರಿ. ನಮ್ಮ ಮಕ್ಕಳ ಪುಟ್ಟ ಕೈಗಳನ್ನು ಆಶೀರ್ವದಿಸಿರಿ. ದಣಿದು ಮನೆಗೆ ಬರುವ ನಮಗೆ ಅವರೊಡನೆ ಕೂರುವ ತಾಳ್ಮೆಯನ್ನು ದಯಪಾಲಿಸಿರಿ. ಅವರು ನಿಮಗೆಂದು ತರುವ ಕಾಣಿಕೆಯನ್ನು ನಾವು ತಡೆಯದಂತೆ ಕಾಯಿರಿ. ಆಮೆನ್.