ಮೃಗಾಲಯದ ವೇಳೆ: ಮೂರನೇ ತರಗತಿಯ ಒಂದು ಗಣಿತ ಪಾಠ

ಮೈಸೂರು ಮೃಗಾಲಯದ ವೇಳೆ ಬೆಳಿಗ್ಗೆ 8.30ರಿಂದ ಸಂಜೆ 5.30, ಮಂಗಳವಾರ ರಜೆ. ಅಭ್ಯಾಸ ಬೋಧನೆಯಲ್ಲಿ ಇದನ್ನೇ ಕಪ್ಪುಹಲಗೆಯ ಮೇಲೆ ಬರೆದು, ಎಷ್ಟು ಗಂಟೆ ತೆರೆದಿರುತ್ತದೆ ಎಂದು ಕೇಳಿದೆ. ಹಲವರು ಎಂಟರಿಂದ ಐದು ಕಳೆದು ‘ಮೂರು’ ಎಂದರು. ಉತ್ತರ ತಿದ್ದದೆ, ರಟ್ಟಿನ ಗಡಿಯಾರದ ಮುಳ್ಳು ತಿರುಗಿಸಲು ಹೇಳಿದೆ: 12.30ರವರೆಗೆ ನಾಲ್ಕು, ಅಲ್ಲಿಂದ ಐದು, ಒಟ್ಟು ಒಂಬತ್ತು. ಮಧ್ಯಾಹ್ನ ದಾಟುವ ಅವಧಿಗೆ ಕಳೆಯುವುದಕ್ಕಿಂತ ಹೀಗೆ ಎಣಿಸುವುದೇ ಮೇಲು.

ಆಗ ಒಬ್ಬ ಹುಡುಗ, “ನಮ್ಮಪ್ಪನ ಕಟಿಂಗ್ ಶಾಪಿಗೂ ಮಂಗಳವಾರವೇ ರಜೆ ಮಿಸ್, ನಾವು ಯಾವಾಗ ಹೋಗೋದು?” ಎಂದ. ಪಾಠಯೋಜನೆಯಲ್ಲಿ ಇಲ್ಲದ ಪ್ರಶ್ನೆ. ಆದರೆ ಇದಕ್ಕಿಂತ ಒಳ್ಳೆಯ ಲೆಕ್ಕ ನನ್ನಲ್ಲಿರಲಿಲ್ಲ. ಇಡೀ ತರಗತಿ ಅವನಿಗಾಗಿ ಕುಳಿತಿತು. ಭಾನುವಾರ ಎರಡರಿಂದ ನಾಲ್ಕು ಅಂಗಡಿ ಮುಚ್ಚಿರುತ್ತದೆ. ಬಸ್ಸಿನಲ್ಲಿ ಹೋಗಿಬರಲು ಒಂದು ಗಂಟೆ. ಉಳಿದದ್ದು ಒಂದೇ ಗಂಟೆ.

“ಸಾಕು ಮಿಸ್, ಜಿರಾಫೆ ಮಾತ್ರ ನೋಡ್ತೀವಿ,” ಎಂದ.